ಡಿಎನ್‌ಎ ಕತ್ತರಿಸಿ ಜೋಡಿಸುವುದು ಹೀಗೆ

ಹಾವೇರಿ, ಗದಗ ಸೀಮೆಯ ಎರೆಹೊಲಗಳಿಗೆ ಬಿಟಿ ಹತ್ತಿ ಬಂದಿದ್ದು, ದೇಶದಲ್ಲಿ 2002ರಲ್ಲಿ ಅದಕ್ಕೆ ಅನುಮತಿ ಸಿಕ್ಕ ಮೇಲೆ. ಮಣ್ಣಿನ ಬ್ಯಾಕ್ಟೀರಿಯದ ಜೀನ್ ಹತ್ತಿ ಗಿಡಕ್ಕೆ ಸೇರುವುದರ ಹಿಂದಿನ ಮೂಲ ವಿದ್ಯೆ ಡಿಎನ್‌ಎಯನ್ನು ಗೊತ್ತಾದ ಜಾಗದಲ್ಲಿ ತುಂಡರಿಸುವ ರೆಸ್ಟ್ರಿಕ್ಷನ್ ಕಿಣ್ವಗಳದು. ಧಾರವಾಡದ ಪಿಯು ವಿದ್ಯಾರ್ಥಿಗಳು ಇವನ್ನು ‘ಆಣ್ವಿಕ ಕತ್ತರಿ’ ಎಂದು ಬಾಯಿಪಾಠ ಮಾಡುತ್ತಾರೆ. ಆದರೆ ಕತ್ತರಿಸಿದ ಮೇಲೆ ಉಳಿಯುವ ತುದಿಯನ್ನು ಅರ್ಥ ಮಾಡಿಕೊಳ್ಳದಿದ್ದರೆ ಪಾಠ ತಲೆಗೆ ಹೋಗುವುದೇ ಇಲ್ಲ.

ಹಾಗಾಗಿ ಮೊದಲು ಪೆನ್ಸಿಲ್ ಹಿಡಿಯಿರಿ. ಡಿಎನ್‌ಎ ಎರಡು ಎಳೆಗಳದು; ಅದರ ಅಕ್ಷರಗಳು ಎ, ಟಿ, ಜಿ, ಸಿ. ಎಗೆ ಟಿ, ಜಿಗೆ ಸಿ ಜೋಡಿ. ಜಿ-ಎ-ಎ-ಟಿ-ಟಿ-ಸಿ ಎಂದು ಬರೆದು, ಅದರ ಕೆಳಗೆ ಜೋಡಿ ಎಳೆಯಾಗಿ ಸಿ-ಟಿ-ಟಿ-ಎ-ಎ-ಜಿ ಬರೆಯಿರಿ. ಕೆಳಗಿನದನ್ನು ಬಲದಿಂದ ಎಡಕ್ಕೆ ಓದಿದರೆ ಮೇಲಿನದೇ ಬರುತ್ತದೆ. ಇಕೋಆರ್-1 ಕಿಣ್ವ ಹುಡುಕುವುದು ಈ ಆರು ಅಕ್ಷರಗಳನ್ನು. ಸಿಕ್ಕಲ್ಲಿ ಎರಡೂ ಎಳೆಗಳಲ್ಲಿ ಜಿ ಮತ್ತು ಎ ನಡುವೆ ತುಂಡರಿಸುತ್ತದೆ. ಅಲ್ಲಿ ಗೆರೆ ಎಳೆದು ನೋಡಿ: ತುಂಡು ನೇರವಾಗಿರುವುದಿಲ್ಲ, ಮೆಟ್ಟಿಲಾಗುತ್ತದೆ. ಪ್ರತಿ ತುದಿಯಲ್ಲೂ ಎ-ಎ-ಟಿ-ಟಿ ಒಂಟಿ ಎಳೆಯಾಗಿ ಚಾಚಿಕೊಂಡು, ತನ್ನ ಜೋಡಿಗಾಗಿ ಕಾಯುತ್ತದೆ. ಇದೇ ಅಂಟುತುದಿ. ಡಿಎನ್‌ಎ ಮನುಷ್ಯನದಾಗಲಿ, ಗಿಡದ್ದಾಗಲಿ, ಇದೇ ಕಿಣ್ವ ಕತ್ತರಿಸಿದರೆ ಇದೇ ತುದಿ. ಎಷ್ಟು ದೊಡ್ಡ ಮಾತು! ಎರಡು ಜೀವಿಗಳ ಡಿಎನ್‌ಎ ಬೆಸೆಯುವುದು ಸುಲಭವಾಗಿದ್ದು ಇದರಿಂದ. 1973ರಲ್ಲಿ ವಿಜ್ಞಾನಿಗಳಾದ ಸ್ಟ್ಯಾನ್ಲಿ ಕೋಹೆನ್, ಹರ್ಬರ್ಟ್ ಬೋಯರ್ ಮತ್ತು ಸಂಗಡಿಗರು ಡಿಎನ್‌ಎ ತುಂಡುಗಳನ್ನು ಬೆಸೆದು ಬ್ಯಾಕ್ಟೀರಿಯದೊಳಗೆ ಸೇರಿಸಿದಾಗ ಬಳಸಿದ್ದೂ ಇದೇ ಕಿಣ್ವವನ್ನು.

ಇನ್ನು ಪ್ರಯೋಗಾಲಯದ ಕೆಲಸ. ಜೀನನ್ನು ಹೊತ್ತೊಯ್ಯುವ ವಾಹಕವಾಗಿ ಪಿಬಿಆರ್322 ಎಂಬ ಪ್ಲಾಸ್ಮಿಡ್, ಅಂದರೆ ಬ್ಯಾಕ್ಟೀರಿಯದೊಳಗೆ ಉಳಿಯಬಲ್ಲ ಚಿಕ್ಕ ಡಿಎನ್‌ಎ, ತೆಗೆದುಕೊಳ್ಳೋಣ. ಇದು 4,361 ಜೋಡಿ ಅಕ್ಷರಗಳ ಉಂಗುರ. ಇಕೋಆರ್-1ಕ್ಕೆ ಇದರಲ್ಲಿ ಒಂದೇ ತಾಣ. ಎರಡಿದ್ದರೆ ಉಂಗುರವೇ ಎರಡು ಹೋಳು. ಪ್ಲಾಸ್ಮಿಡ್ ಒಂದು ನಳಿಕೆಯಲ್ಲಿ, ಬೇಕಾದ ಜೀನ್ ಇರುವ ಡಿಎನ್‌ಎ ಇನ್ನೊಂದರಲ್ಲಿ. ಎರಡಕ್ಕೂ ಕಿಣ್ವಕ್ಕೆ ಹೊಂದುವ ಲವಣ ದ್ರಾವಣ (ಬಫರ್) ಹಾಕಿ, ಕೊನೆಗೆ ಕಿಣ್ವ ಸೇರಿಸಿ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಇಡಬೇಕು. ಕಿಣ್ವ ಮೈನಸ್ 20 ಡಿಗ್ರಿಯ ಫ್ರೀಜರ್‌ನಿಂದ ಹೊರಬಂದರೆ ಮಂಜುಗಡ್ಡೆಯ ಮೇಲೆಯೇ ಇರಬೇಕು. ಇದು ಗ್ಲಿಸರಾಲ್‌ನಲ್ಲಿರುವ ದ್ರಾವಣ. ಒಟ್ಟು ಮಿಶ್ರಣದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚು ಸುರಿದರೆ ಕಿಣ್ವ ತನ್ನ ಗುರುತು ಮರೆತು ಕಂಡಕಂಡಲ್ಲಿ ಕತ್ತರಿಸಬಹುದು. ಆಮೇಲೆ 65 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿ ಅದರ ಕೆಲಸ ನಿಲ್ಲಿಸುತ್ತಾರೆ.

ಎರಡನ್ನೂ ಬೆರೆಸಿದಾಗ ಅಂಟುತುದಿಗಳು ಕೂಡಿಕೊಳ್ಳುತ್ತವೆ; ಆದರೆ ಆ ಹಿಡಿತ ಸಡಿಲ. ಎಳೆಗಳ ಬಿರುಕನ್ನು ಶಾಶ್ವತವಾಗಿ ಬೆಸೆಯುವುದು ಲೈಗೇಸ್ ಕಿಣ್ವ, ಸಾಮಾನ್ಯವಾಗಿ 16 ಡಿಗ್ರಿಯಲ್ಲಿ ರಾತ್ರಿಯಿಡೀ. ನಂತರ ಇದನ್ನು ಇ. ಕೋಲೈ ಬ್ಯಾಕ್ಟೀರಿಯದೊಳಗೆ ಸೇರಿಸಿ, ಆಂಪಿಸಿಲಿನ್ ಎಂಬ ಪ್ರತಿಜೀವಕ ಇರುವ ತಟ್ಟೆಯಲ್ಲಿ ಬೆಳೆಸುತ್ತಾರೆ. ಅದನ್ನು ತಡೆದುಕೊಳ್ಳುವ ಜೀನ್ ಪ್ಲಾಸ್ಮಿಡ್‌ನಲ್ಲಿದೆ. ಪ್ಲಾಸ್ಮಿಡ್ ಹೊಕ್ಕವು ಮಾತ್ರ ಬದುಕುತ್ತವೆ.

ಬದುಕಿದವೆಲ್ಲ ಜೀನ್ ಹೊತ್ತಿರುತ್ತವೆ ಎಂದಲ್ಲ; ಪ್ಲಾಸ್ಮಿಡ್ ಖಾಲಿಯಾಗಿಯೇ ಮುಚ್ಚಿಕೊಂಡಿರಬಹುದು. ಅದಕ್ಕೇ ತಟ್ಟೆಯ ಮೇಲೆ ಬೆಳೆದ ಕೆಲವು ಬ್ಯಾಕ್ಟೀರಿಯ ಗುಂಪುಗಳಿಂದ (ಕಾಲನಿ) ಪ್ಲಾಸ್ಮಿಡ್ ತೆಗೆದು, ಮತ್ತೆ ಇಕೋಆರ್-1 ಹಾಕಿ, ತುಂಡುಗಳನ್ನು ಉದ್ದಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್ ಮೇಲೆ ಓಡಿಸಬೇಕು. ಒಂದೇ ಪಟ್ಟಿ ಕಂಡರೆ ಬರಿಯ ವಾಹಕ. ವಾಹಕದ ಪಟ್ಟಿಯ ಜೊತೆಗೆ ಜೀನಿನ ಉದ್ದಕ್ಕೆ ಸರಿಹೊಂದುವ ಇನ್ನೊಂದು ಪಟ್ಟಿ ಕಂಡ ಕಾಲನಿಯನ್ನು ಬೆಳೆಸಲು ಇಟ್ಟುಕೊಳ್ಳಿ.