ನಿಮ್ಮ ಓಪನ್ ಸೋರ್ಸ್ ತಂತ್ರಾಂಶವನ್ನು ರಿಲೀಸ್ ಮಾಡುವುದು ಹೀಗೆ

ಓಪನ್ ಸೋರ್ಸ್ ಯೋಜನೆಯ ಕೋಡ್ ಹೇಗೂ ಎಲ್ಲರ ಕಣ್ಣೆದುರಿಗೇ ಇರುತ್ತದಲ್ಲ, ಮತ್ತೆ ರಿಲೀಸ್ ಅಂತ ಬೇರೆ ಯಾಕೆ? ಯಾಕೆಂದರೆ ಆ ಕೋಡ್ ದಿನಾ ಬದಲಾಗುತ್ತಿರುತ್ತದೆ. ಬೆಳಿಗ್ಗೆ ಇಳಿಸಿಕೊಂಡವರಿಗೂ ಸಂಜೆ ಇಳಿಸಿಕೊಂಡವರಿಗೂ ಒಂದೇ ತಂತ್ರಾಂಶ ಸಿಗುವ ಖಾತ್ರಿಯಿಲ್ಲ. ಇದನ್ನು ನೆಚ್ಚಿ ಬಳಸಬಹುದು ಎಂದು ತಂಡ ಗೆರೆ ಎಳೆದು ಕೊಡುವ ಪ್ರತಿಯೇ ರಿಲೀಸ್. ಫೈಲ್ ಅಪ್‌ಲೋಡ್ ಮಾಡಲು ಐದು ನಿಮಿಷ ಸಾಕು. ಕೈಗೆ ಬಂದದ್ದು ತಂಡ ಕೊಟ್ಟದ್ದೇ ಹೌದೇ ಎಂದು ಬಳಕೆದಾರರು ತಾವೇ ಪರೀಕ್ಷಿಸಿಕೊಳ್ಳುವ ಹಾಗೆ ಮಾಡುವುದೇ ಹೆಣಗಾಟದ ಕೆಲಸ.

ನಂಬರ್ ಹಾಕಿ

ಮೊದಲು ಹೊಸ ಫೀಚರ್ ಸೇರಿಸುವುದನ್ನು ನಿಲ್ಲಿಸಿ. ಬಗ್ ಸರಿಪಡಿಸುವುದಷ್ಟೇ ನಡೆಯಲಿ. ಜನ ಬಳಸಿ ನೋಡಲೆಂದು ರಿಲೀಸ್ ಕ್ಯಾಂಡಿಡೇಟ್, ಅಂದರೆ ‘ಆರ್‌ಸಿ’ ಬಿಡಿ. ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ತಂಡ ವಾರಕ್ಕೊಂದರಂತೆ ಸಾಮಾನ್ಯವಾಗಿ ಏಳೆಂಟು ಆರ್‌ಸಿ ಬಿಟ್ಟ ಮೇಲೆಯೇ ಅಂತಿಮ ಆವೃತ್ತಿ ಕೊಡುವುದು. ನಂಬರಿಗೆ ಬಹಳ ಮಂದಿ ಪಾಲಿಸುವ ಪದ್ಧತಿ ಇದು: 2.4.1ರಲ್ಲಿ ಕೊನೆಯ ಅಂಕಿ ಬಗ್ ಸರಿಪಡಿಸಿದಾಗ ಏರುತ್ತದೆ, ನಡುವಿನದು ಹೊಸ ಫೀಚರ್ ಬಂದಾಗ, ಮೊದಲಿನದು ಹಳೆಯ ಬಳಕೆಗೆ ಹೊಂದದ ಬದಲಾವಣೆ ಆದಾಗ. ಒಮ್ಮೆ ಹೊರಬಿದ್ದ ನಂಬರಿನ ಫೈಲನ್ನು ಸದ್ದಿಲ್ಲದೆ ಬದಲಿಸುವ ಚಾಳಿ ಮಾತ್ರ ಬೇಡ.

ಟ್ಯಾಗ್‌ನಿಂದಲೇ ಟಾರ್‌ಬಾಲ್

ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್‌ನಲ್ಲಿ ಆ ಹಂತದ ಕೋಡಿಗೆ ಡಿಜಿಟಲ್ ಸಹಿ ಸಮೇತ ಟ್ಯಾಗ್, ಅಂದರೆ ಗುರುತಿನ ಚೀಟಿ ಹಾಕಿ, ಅದರಿಂದಲೇ ಟಾರ್‌ಬಾಲ್, ಅಂದರೆ ಕೋಡನ್ನೆಲ್ಲ ಒಂದೇ ಫೈಲಿಗೆ ಸೇರಿಸಿದ ಗಂಟು ಕಟ್ಟಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ‘ಎಕ್ಸ್‌ಜಡ್’ ಎಂಬ ಕಂಪ್ರೆಷನ್ ತಂತ್ರಾಂಶದ 5.6.0 ಮತ್ತು 5.6.1ರಲ್ಲಿ ಹಿಂಬಾಗಿಲೊಂದು, ಅಂದರೆ ಒಳನುಗ್ಗುವ ಕಳ್ಳದಾರಿಯೊಂದು ಅಡಗಿತ್ತು. ಅದನ್ನು ಚಾಲೂ ಮಾಡುವ ಸ್ಕ್ರಿಪ್ಟ್ ಇದ್ದದ್ದು ಟಾರ್‌ಬಾಲ್‌ನಲ್ಲಿ ಮಾತ್ರ, ಗಿಟ್‌ನಲ್ಲಿ ಅಲ್ಲ. ಗಿಟ್‌ನ ಕೋಡ್ ಓದಿದವರಿಗೆ ಅದು ಕಾಣುವುದಾದರೂ ಹೇಗೆ? ದೂರದ ಯಂತ್ರಕ್ಕೆ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿದ ತಂತ್ರಾಂಶ ಎಂಜಿನಿಯರ್ ಆಂಡ್ರೆಸ್ ಫ್ರಾಯ್ಂಡ್ 2024ರ ಮಾರ್ಚ್ 29ರಂದು ಅದನ್ನು ಬಯಲು ಮಾಡಿದರು.

ಫೈಲುಗಳ ಕ್ರಮ, ಸಮಯದ ಮುದ್ರೆ ಎಲ್ಲವನ್ನೂ ಸ್ಥಿರವಾಗಿಟ್ಟು, ಬೇರೆ ಯಾರೇ ಆ ಟ್ಯಾಗ್‌ನಿಂದ ಕಟ್ಟಿದರೂ ಒಂದು ಬೈಟ್ ಕೂಡ ವ್ಯತ್ಯಾಸ ಬಾರದಂತೆ ನೋಡಿಕೊಂಡರೆ ಇಂಥ ಆಟ ನಡೆಯುವುದು ಕಷ್ಟ. ಲಿನಕ್ಸ್‌ನ ಒಂದು ರೂಪವಾದ ಡೆಬಿಯನ್‌ನವರು ಈ ಬಗೆಯ ಬಿಲ್ಡ್‌ಗಾಗಿ (ಕೋಡಿನಿಂದ ತಂತ್ರಾಂಶ ಕಟ್ಟುವುದಕ್ಕಾಗಿ) ವರ್ಷಗಳಿಂದ ಶ್ರಮಿಸುತ್ತಿದ್ದಾರೆ.

ಚೆಕ್‌ಸಮ್, ಸಹಿ

ಟಾರ್‌ಬಾಲ್ ಜೊತೆ ಎಸ್‌ಎಚ್‌ಎ-256 ಚೆಕ್‌ಸಮ್, ಅಂದರೆ ಫೈಲಿನಿಂದ ಲೆಕ್ಕಹಾಕಿದ ಗುರುತಿನ ಸಾಲು ಕೊಡಿ. ಫೈಲಿನಲ್ಲಿ ಒಂದಕ್ಷರ ಬದಲಾದರೂ 64 ಅಕ್ಷರಗಳ ಆ ಸಾಲು ಗುರುತು ಸಿಗದಷ್ಟು ಬದಲಾಗುತ್ತದೆ. ಆದರೆ ಸರ್ವರಿಗೇ ನುಗ್ಗಿದವರು ಫೈಲಿನ ಜೊತೆ ಚೆಕ್‌ಸಮ್ ಕೂಡ ಬದಲಿಸಬಲ್ಲರು. 2016ರ ಫೆಬ್ರವರಿಯಲ್ಲಿ ಲಿನಕ್ಸ್ ಮಿಂಟ್ ತಾಣಕ್ಕೆ ನುಗ್ಗಿದವರು ಡೌನ್‌ಲೋಡ್ ಕೊಂಡಿಯನ್ನೇ ತಿರುಗಿಸಿ, ಕೈಯಾಡಿಸಿದ ಐಎಸ್‌ಒ (ಇನ್‌ಸ್ಟಾಲ್ ಮಾಡುವ ಫೈಲ್) ಹಂಚಿದ್ದರು. ಅದಕ್ಕೇ ಜಿಪಿಜಿ ಎಂಬ ತಂತ್ರಾಂಶದಿಂದ ಹಾಕುವ ಡಿಜಿಟಲ್ ಸಹಿ ಬೇಕು. ಸಹಿ ಹಾಕಲು ಬಳಸುವ ಖಾಸಗಿ ಕೀ ಸರ್ವರ್ ಮೇಲೆ ಇರಲೇಬಾರದು.

ಸಹಿ ಪರೀಕ್ಷಿಸಿದವರಿಗೆ ‘ಗುಡ್ ಸಿಗ್ನೇಚರ್’ ಎಂಬ ಸಾಲಿನ ಕೆಳಗೇ ಒಂದು ಎಚ್ಚರಿಕೆಯೂ ಕಾಣಬಹುದು. ಎಷ್ಟೋ ಜನ ಅಲ್ಲೇ ಗಾಬರಿಯಾಗುತ್ತಾರೆ. ಸಹಿ ಪರೀಕ್ಷಿಸಲು ಬಳಸಿದ ಸಾರ್ವಜನಿಕ ಕೀ ನಿಜಕ್ಕೂ ತಂಡದ್ದೇ ಎಂದು ನೀವಿನ್ನೂ ಖಚಿತಪಡಿಸಿಲ್ಲ ಎಂದಷ್ಟೇ ಅದರ ಅರ್ಥ. ಆ ಕೀಯನ್ನು ಗುರುತಿಸುವ ಚಿಕ್ಕ ಸಾಲಾದ ಫಿಂಗರ್‌ಪ್ರಿಂಟನ್ನು ಡೌನ್‌ಲೋಡ್ ಪುಟದಲ್ಲಲ್ಲದೆ ಇನ್ನೂ ಎರಡು ಕಡೆ ಪ್ರಕಟಿಸಿದರೆ ಅವರು ಹೋಲಿಸಿಕೊಳ್ಳುತ್ತಾರೆ.

ಎಕ್ಸ್‌ಜಡ್ ಪ್ರಕರಣದಲ್ಲಿ ಸಹಿ ಸರಿಯಾಗಿಯೇ ಇತ್ತು. ವಿಶ್ವಾಸ ಗಳಿಸಿ ಮೇಂಟೇನರ್ (ಯೋಜನೆಯ ಉಸ್ತುವಾರಿ) ಆಗಿದ್ದ ಖಾತೆಯೇ ಸಹಿ ಹಾಕಿತ್ತು! ಸಹಿ ಯಾರದ್ದೆಂದು ಹೇಳುತ್ತದೆ, ಒಳಗೇನಿದೆಯೆಂದು ಹೇಳುವುದಿಲ್ಲ. ಈ ವಿಷಯದಲ್ಲಿ ನನಗೆ ಹಲವು ಓಪನ್ ಸೋರ್ಸ್ ಯೋಜನೆಗಳ ಆಶ್ರಯವಾದ ಅಪಾಚೆ ಫೌಂಡೇಶನ್ ಕ್ರಮ ಹಿಡಿಸುತ್ತದೆ: ಯೋಜನೆಯ ಸಮಿತಿಯ ಕನಿಷ್ಠ 3 ಸದಸ್ಯರು ಪ್ಯಾಕೇಜನ್ನು ಇಳಿಸಿಕೊಂಡು, ಸಹಿ ಪರೀಕ್ಷಿಸಿ, ತಮ್ಮ ಯಂತ್ರದಲ್ಲೇ ಬಿಲ್ಡ್ ಮಾಡಿ ‘ಪ್ಲಸ್ ಒನ್’ ಮತ ಹಾಕಬೇಕು. ಮತಕ್ಕೆ ಸಾಮಾನ್ಯವಾಗಿ 72 ಗಂಟೆಯಾದರೂ ಕಾಲಾವಕಾಶ ಇರುತ್ತದೆ.

ಹಂಚಿ

ದೊಡ್ಡ ಫೈಲುಗಳಿಗೆ ಮಿರರ್ (ನಕಲು ಇಟ್ಟ ಬೇರೆ ಸರ್ವರ್), ಟೊರೆಂಟ್ (ಬಳಕೆದಾರರೇ ಪರಸ್ಪರ ಹಂಚಿಕೊಳ್ಳುವುದು). ಬೇರೆ ತಂತ್ರಾಂಶಗಳು ಬಳಸುವ ಲೈಬ್ರರಿಯಾದರೆ ಪೈಥಾನ್‌ನ ಪೈಪಿಐ, ಜಾವಾಸ್ಕ್ರಿಪ್ಟ್‌ನ ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರಗಳು. ಲಿನಕ್ಸ್ ಬಳಕೆದಾರರಲ್ಲಿ ಹೆಚ್ಚಿನವರು ನಿಮ್ಮ ಪುಟಕ್ಕೆ ಬರುವುದೇ ಇಲ್ಲ. ಡೆಬಿಯನ್, ಫೆಡೋರಾದ ಪ್ಯಾಕೇಜರ್‌ಗಳು ನಿಮ್ಮ ಟಾರ್‌ಬಾಲನ್ನು ತಮ್ಮ ರೀತಿಯಲ್ಲಿ ಬಿಲ್ಡ್ ಮಾಡಿ ಕೊಡುತ್ತಾರೆ. ಆದ್ದರಿಂದ ಚೇಂಜ್‌ಲಾಗ್, ಅಂದರೆ ಬದಲಾವಣೆಗಳ ಪಟ್ಟಿ, ಅವರಿಗೆ ಅರ್ಥವಾಗುವಂತೆ ಬರೆಯಿರಿ. ‘ಸಣ್ಣಪುಟ್ಟ ಸುಧಾರಣೆಗಳು’ ಎಂದರೆ ಯಾರಿಗೂ ಏನೂ ತಿಳಿಯುವುದಿಲ್ಲ.

ರಿಲೀಸ್ ಆದ ಮೇಲೆ ದೊಡ್ಡ ಬಗ್ ಕಂಡರೆ ಅಳಿಸಿಹಾಕಬೇಡಿ, ಅದನ್ನು ನೆಚ್ಚಿಕೊಂಡವರ ಬಿಲ್ಡ್ ಮುರಿದುಬೀಳುತ್ತದೆ. ಪೈಪಿಐಯಲ್ಲಿ ಅದನ್ನು ‘ಯಾಂಕ್’ ಮಾಡಿದರೆ, ನಿಖರವಾಗಿ ಅದೇ ಆವೃತ್ತಿ ಕೇಳಿದವರಿಗೆ ಸಿಗುತ್ತದೆ, ಉಳಿದವರಿಗೆ ಸಿಗುವುದಿಲ್ಲ. ಆಮೇಲೆ 2.4.2 ಬಿಡಿ.