ಕಳಿಸುವ ಮುಂಚೆ ತಡೆದ 40 ಬ್ರಾಕೆಟ್‌ಗಳು

ಪೀಣ್ಯದಲ್ಲಿ ವಿಮಾನದ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿ. ಅಲ್ಲಿ ಕ್ವಾಲಿಟಿ ವಿಭಾಗದ ದಾಖಲೆಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಳತೆ ತೆಗೆಯುವುದು ಇನ್‌ಸ್ಪೆಕ್ಟರ್‌ಗಳ ಕೆಲಸ. ಆ ಅಳತೆ, ಲೋಹದ ಸರ್ಟಿಫಿಕೇಟ್, ಹೊರಗೆ ಆನೋಡೈಸಿಂಗ್ (ಅಲ್ಯೂಮಿನಿಯಂ ಮೇಲೆ ರಕ್ಷಣೆಯ ಪದರ ಬರಿಸುವುದು) ಮಾಡಿಸಿದ ಸರ್ಟಿಫಿಕೇಟ್, ಭಾಗದ ಜೊತೆಗೇ ಹಂತದಿಂದ ಹಂತಕ್ಕೆ ಹೋಗುವ ರೂಟ್ ಕಾರ್ಡ್ ಇವೆಲ್ಲ ಒಂದಕ್ಕೊಂದು ತಾಳೆ ಆಗುತ್ತವಾ ಅಂತ ನೋಡುವುದು ನನ್ನ ಕೆಲಸ.

ಎರಡನೇ ವರ್ಷ, ಒಂದು ಸಂಜೆ 40 ಬ್ರಾಕೆಟ್‌ಗಳು ಪ್ಯಾಕಿಂಗ್‌ಗೆ ತಯಾರಾಗಿದ್ದವು. ಹೊಸ ಭಾಗ, ಹಾಗಾಗಿ ವಿಮಾನ ಉದ್ಯಮದ ಮಾನದಂಡ ಎಎಸ್ 9102 ಪ್ರಕಾರ ಫಸ್ಟ್ ಆರ್ಟಿಕಲ್ ವರದಿ, ಅಂದರೆ ಮೊದಲು ತಯಾರಾದ ಭಾಗವನ್ನು ಪೂರ್ತಿ ಪರೀಕ್ಷಿಸಿದ ವರದಿ, ಬೇಕಿತ್ತು. ಡ್ರಾಯಿಂಗ್‌ನ ಒಂದೊಂದು ಅಳತೆಗೂ ಬಲೂನ್ (ಸಣ್ಣ ವೃತ್ತ) ಹಾಕಿ ನಂಬರ್ ಕೊಟ್ಟು ಮೂರನೇ ಫಾರಂ ತುಂಬುವುದಕ್ಕೇ ಜಾಸ್ತಿ ಹೊತ್ತು ಹಿಡಿಯುತ್ತದೆ, ಅದು ಮುಗಿದಿತ್ತು. ಎರಡನೇ ಫಾರಂನಲ್ಲಿ ಲೋಹದ ವಿವರ ಬರೆಯುವಾಗ ಕೈ ನಿಂತಿತು. ಒಟ್ಟಿಗೆ ಕರಗಿಸಿದ ಲೋಹದ ಒಂದೊಂದು ಬ್ಯಾಚ್‌ಗೂ ಕೊಡುವ ಗುರುತಿಗೆ ಹೀಟ್ ನಂಬರ್ ಅನ್ನುತ್ತಾರೆ. ರೂಟ್ ಕಾರ್ಡ್‌ನಲ್ಲಿ ಅದರ ಕೊನೆ 63, ಲೋಹದ ಸರ್ಟಿಫಿಕೇಟ್‌ನಲ್ಲಿ 36.

"ಬರೆಯೋವಾಗ ತಪ್ಪಾಗಿದೆ ಅಷ್ಟೇ, ತಿದ್ದಿಬಿಡಿ ಮೇಡಂ, ಗಾಡಿ ಕಾಯ್ತಿದೆ" ಅಂದರು ಸೂಪರ್‌ವೈಸರ್.

ಇರಬಹುದು. ಆದರೆ ನಮ್ಮ ಸ್ಟೋರ್‌ನಲ್ಲಿ 7075 ಅನ್ನುವ ಅಲ್ಯೂಮಿನಿಯಂ ಮಿಶ್ರಲೋಹ, ಬೇರೆ ಬೇರೆ ರೀತಿ ಕಾಯಿಸಿ ಹದ ಮಾಡಿದ್ದು, ಎರಡು ಥರ ಇತ್ತು, ಟಿ6 ಮತ್ತು ಟಿ7351. ಕಣ್ಣಿಗೆ ಎರಡೂ ಒಂದೇ, ಅಳತೆಯಲ್ಲೂ ಗೊತ್ತಾಗುವುದಿಲ್ಲ. ಟಿ6ಗೆ ಬಲ ಜಾಸ್ತಿ, ಆದರೆ ಸದಾ ಎಳೆತದಲ್ಲಿರುವ ಜಾಗದಲ್ಲಿ ತುಕ್ಕಿನಿಂದ ಬಿರುಕು ಬಿಡುವ ಭಯವೂ ಜಾಸ್ತಿ. ನಮ್ಮ ಡ್ರಾಯಿಂಗ್ ಕೇಳಿದ್ದು ಟಿ7351. ಹೀಟ್ ನಂಬರ್ ಸರಿ ಇಲ್ಲದಿದ್ದರೆ ಕೈಯಲ್ಲಿರುವುದು ಯಾವುದು ಅಂತ ಹೇಗೆ ಹೇಳುವುದು, ಅಲ್ವಾ?

ಬ್ರಾಕೆಟ್‌ಗಳಿಗೆ ಹೋಲ್ಡ್ ಟ್ಯಾಗ್ (ಸದ್ಯಕ್ಕೆ ಕಳಿಸಬಾರದು ಅನ್ನುವ ಚೀಟಿ) ಕಟ್ಟಿ ಸ್ಟೋರ್‌ಗೆ ಹೋದೆ. ನಮ್ಮ ಸ್ಟೋರ್ ಹುಡುಗ ಯಾವಾಗಲೂ ಗುರುತಿಲ್ಲದ ತುದಿಯಿಂದಲೇ ಕತ್ತರಿಸುತ್ತಾನೆ, ಇದು ತುಂಬಾ ಒಳ್ಳೆಯ ಅಭ್ಯಾಸ. ಹಾಗಾಗಿ ಉಳಿದ ತುಂಡಿನ ಮೇಲೆ ನಂಬರ್ ಹಾಗೇ ಇತ್ತು: 36, ಟಿ7351. ತುಂಡಿನ ಉದ್ದ ರಿಜಿಸ್ಟರ್‌ನ ಲೆಕ್ಕಕ್ಕೆ ಸರಿ ಹೊಂದಿತು. 63ರಲ್ಲಿ ಮುಗಿಯುವ ಲೋಹ ನಮ್ಮಲ್ಲಿಗೆ ಬಂದೇ ಇರಲಿಲ್ಲ.

ಆಮೇಲೆ ರೂಟ್ ಕಾರ್ಡ್ ಅನ್ನು ಅದನ್ನು ಬರೆದವರೇ ತಿದ್ದಿದರು. ಹಳೆಯ ಅಂಕಿ ಓದಲು ಬರುವ ಹಾಗೆ ಒಂದೇ ಗೆರೆ, ಪಕ್ಕದಲ್ಲಿ ಸರಿಯಾದದ್ದು, ಸಹಿ, ತಾರೀಖು. ವೈಟ್‌ನರ್ ನಮ್ಮಲ್ಲಿ ಮುಟ್ಟುವ ಹಾಗಿಲ್ಲ. ತಪ್ಪು ಆದದ್ದು ಯಾಕೆ ಅಂದರೆ, ಲೋಹದ ಮೇಲೆ ಓದಿಕೊಂಡು ಬಂದು ಮೇಜಿನ ಹತ್ತಿರ ನೆನಪಿನಿಂದ ಬರೆಯುತ್ತಿದ್ದರು. ಈಗ ಕಾರ್ಡ್ ಅನ್ನು ಲೋಹದ ಪಕ್ಕಕ್ಕೇ ಒಯ್ದು, ಒಬ್ಬರು ಓದಿ ಇನ್ನೊಬ್ಬರು ಬರೆಯುತ್ತಾರೆ.

ಬ್ರಾಕೆಟ್‌ಗಳು ಮಾರನೇ ದಿನ ಬೆಳಗ್ಗೆ ಹೋದವು. ಅವತ್ತೇ ಶಾಪ್‌ನಲ್ಲಿದ್ದ ಉಳಿದ ರೂಟ್ ಕಾರ್ಡ್‌ಗಳನ್ನೂ ತೆಗೆದು ನೋಡಿದೆ. ಇನ್ನೊಂದರಲ್ಲೂ ಅಂಕಿ ಅದಲುಬದಲಾಗಿತ್ತು. ಆ ಭಾಗ ಇನ್ನೂ ಮಿಲ್ಲಿಂಗ್ ಮೆಷಿನ್ ಮೇಲೇ ಇತ್ತು.