ಆಸ್ಪತ್ರೆಯಲ್ಲಿ ಔಷಧ ಸರಿಯಾಗಿ ಬಳಕೆಯಾಗುತ್ತಿದೆಯೇ? ಹೀಗೆ ನೋಡಿ

ಎಲ್ಲ ಔಷಧಗಳನ್ನೂ ಒಟ್ಟಿಗೆ ಪರಿಶೀಲಿಸಲು ಹೊರಟರೆ ಒಂದೂ ಮುಗಿಯುವುದಿಲ್ಲ. ಜಾಸ್ತಿ ಖರ್ಚಾಗುವ, ಇಲ್ಲವೇ ತಪ್ಪಿದರೆ ಜೀವಕ್ಕೇ ಕುತ್ತು ತರುವ ಒಂದನ್ನು ಹಿಡಿದುಕೊಳ್ಳಿ. ಆಪರೇಷನ್‌ಗೆ ಮುಂಚೆ ಸೋಂಕು ತಡೆಯಲು ಕೊಡುವ ಆಂಟಿಬಯೋಟಿಕ್‌ನಿಂದ ಶುರು ಮಾಡುವುದು ಸುಲಭ.

ಮೊದಲು ಪ್ರಶ್ನೆಗಳನ್ನು ಬರೆದಿಡಿ. ಕೇಸ್ ಶೀಟ್ ತೆರೆಯುವುದು ಆಮೇಲೆ. ಶೀಟ್ ನೋಡುತ್ತಾ ನಿಯಮ ಮಾಡಿದರೆ ನಡೆದದ್ದೆಲ್ಲ ಸರಿ ಅನ್ನಿಸಿಬಿಡುತ್ತದೆ, ಅಲ್ವಾ? ನಾಲ್ಕು ಪ್ರಶ್ನೆ ಸಾಕು. ಈ ಆಪರೇಷನ್‌ಗೆ ಆಂಟಿಬಯೋಟಿಕ್ ಬೇಕಿತ್ತೇ? ಕೊಟ್ಟದ್ದು ಆಸ್ಪತ್ರೆಯ ಪಟ್ಟಿಯಲ್ಲಿರುವ ಔಷಧವೇ? ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಕೊಟ್ಟರೇ? (ನಿಧಾನವಾಗಿ ಹರಿಸಬೇಕಾದ ವ್ಯಾಂಕೊಮೈಸಿನ್‌ಗೆ 120 ನಿಮಿಷ.) 24 ಗಂಟೆಯೊಳಗೆ ನಿಲ್ಲಿಸಿದರೇ? ಇವಕ್ಕೆ ಸರ್ಜನ್, ಅರಿವಳಿಕೆ ವೈದ್ಯರು, ನರ್ಸ್, ಫಾರ್ಮಸಿಸ್ಟ್ ಎಲ್ಲರೂ ಮೊದಲೇ ಒಪ್ಪಿರಲಿ. ಇಲ್ಲದಿದ್ದರೆ ಕೊನೆಯಲ್ಲಿ ಜಗಳವಾಗುವುದು ಪ್ರಶ್ನೆಗಳ ಮೇಲೆಯೇ.

ನಂತರ ಸಾಲಾಗಿ ಬಂದ 50 ಕೇಸ್ ಶೀಟ್ ತೆಗೆದುಕೊಳ್ಳಿ. ಚೆನ್ನಾಗಿ ಬರೆದದ್ದನ್ನು ಆರಿಸಬೇಡಿ. ಇಂಜೆಕ್ಷನ್ ಕೊಟ್ಟ ಸಮಯ ಬರೆದಿಲ್ಲವೇ? ‘ಗೊತ್ತಿಲ್ಲ’ ಎಂದೇ ಗುರುತಿಸಿ, ಸುಮ್ನೆ ‘ಸರಿ’ಗೆ ಸೇರಿಸಬೇಡಿ.

ಒಟ್ಟು ಬಳಕೆಗೆ ಇನ್ನೊಂದು ಲೆಕ್ಕವಿದೆ. ಹೆಚ್ಚಿನ ಔಷಧಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಒಂದು ದಿನದ ಸರಾಸರಿ ಪ್ರಮಾಣ ಗೊತ್ತುಮಾಡಿದೆ. ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್‌ಗೆ ಅದು 2 ಗ್ರಾಂ. ವಾರ್ಡಿನಲ್ಲಿ ತಿಂಗಳಿಗೆ 240 ಗ್ರಾಂ ಮುಗಿದರೆ 120 ದಿನದ ಪ್ರಮಾಣವಾಯಿತು. ಆ ತಿಂಗಳು ರೋಗಿಗಳು ಹಾಸಿಗೆಯಲ್ಲಿದ್ದ ದಿನ ಒಟ್ಟು 600 ಎನ್ನಿ. ಆಗ ಹಾಸಿಗೆಯಲ್ಲಿದ್ದ ಪ್ರತಿ 100 ದಿನಕ್ಕೆ 20 ದಿನದ ಪ್ರಮಾಣ. ಮುಂದಿನ ತಿಂಗಳು ಇದು ಏರಿತೋ ಇಳಿಯಿತೋ ನೋಡಬಹುದು. ಆದರೆ ಕೊಟ್ಟದ್ದು ಸರಿಯೋ ತಪ್ಪೋ ಎಂದು ಈ ಅಂಕಿ ಹೇಳುವುದಿಲ್ಲ. ಅದಕ್ಕೆ ಕೇಸ್ ಶೀಟೇ ಬೇಕು.

ಜಾಸ್ತಿ ಎಡವುವುದು ನಾಲ್ಕನೇ ಪ್ರಶ್ನೆಯಲ್ಲಿ. ಯಾರೂ ಬೇಕೆಂದು ಮುಂದುವರಿಸುವುದಿಲ್ಲ. ನಿನ್ನೆಯ ಔಷಧಪಟ್ಟಿ ಇಂದಿಗೂ ಹಾಗೇ ಇಳಿಯುತ್ತದೆ, ಅಷ್ಟೇ. ಹಾಗಾಗಿ ಬರೀ ಉಪನ್ಯಾಸದಿಂದ ಇದು ಬದಲಾಗುವುದು ಕಷ್ಟ. ಔಷಧ ಬರೆಯುವ ಫಾರಂ ಬದಲಿಸಿ: 24 ಗಂಟೆಗೆ ತಾನಾಗಿ ನಿಲ್ಲಲಿ, ಮುಂದುವರಿಸಬೇಕಾದರೆ ಕಾರಣ ಬರೆಯಲಿ. ಫಲಿತಾಂಶವನ್ನು ವಿಭಾಗವಾರು ತಿಳಿಸಿ. ಸಭೆಯಲ್ಲಿ ವೈದ್ಯರ ಹೆಸರೆತ್ತಿದರೆ ಮುಂದಿನ ಸಲ ಕೇಸ್ ಶೀಟೇ ಕೈಗೆ ಸಿಗಲಿಕ್ಕಿಲ್ಲ!

ಮೂರು ತಿಂಗಳಾದ ಮೇಲೆ ಅದೇ ನಾಲ್ಕು ಪ್ರಶ್ನೆಗಳೊಂದಿಗೆ ಮತ್ತೆ 50 ಶೀಟ್ ನೋಡಿ. ಜೊತೆಗೆ ಆಪರೇಷನ್ ಗಾಯಕ್ಕೆ ಸೋಂಕು ತಗುಲಿದವರನ್ನೂ ಎಣಿಸಿ. ‘ಬೇಗ ನಿಲ್ಲಿಸಿ ಕೀವು ಜಾಸ್ತಿಯಾಯಿತೇ?’ ಎಂದು ಸರ್ಜನ್ ಕೇಳಿಯೇ ಕೇಳುತ್ತಾರೆ. ಆ ಅಂಕಿ ಕೈಯಲ್ಲಿಲ್ಲದೆ ಸಭೆಗೆ ಹೋಗಬೇಡಿ.